ಪ್ರೋಟೀನಿಗೆ ನಕ್ಷೆ ಬರೆದ ಜಿ.ಎನ್. ರಾಮಚಂದ್ರನ್

ಪ್ರಥಮ ಪಿಯುಸಿ ಜೀವಶಾಸ್ತ್ರ ಪುಸ್ತಕದಲ್ಲಿ ಜೀವಕೋಶದ ಘಟಕ ಶುರುವಾಗುವ ಕಡೆ ಒಬ್ಬ ವಿಜ್ಞಾನಿಯ ಚಿತ್ರ, ಅವರ ಬಗ್ಗೆ ಒಂದು ಪುಟದ ಬರಹ ಇದೆ. ಪರೀಕ್ಷೆಗೆ ಅದರಿಂದ ಪ್ರಶ್ನೆ ಬರುವುದಿಲ್ಲ. ಹಾಗಾಗಿ ನಿಮ್ಮಲ್ಲಿ ಹೆಚ್ಚಿನವರು ಆ ಪುಟವನ್ನು ಮಗುಚಿ ನೇರ ಎಂಟನೇ ಅಧ್ಯಾಯಕ್ಕೆ ಹೋಗುತ್ತೀರಿ. ಅವರ ಹೆಸರು ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್. ಭೌತಶಾಸ್ತ್ರ ಓದಿದವರು, ಜೀವಶಾಸ್ತ್ರದ ಪುಸ್ತಕದಲ್ಲಿ ಬಂದು ಕೂತಿದ್ದಾರೆ.

ಈ ವರ್ಷ ಒಬ್ಬ ವಿದ್ಯಾರ್ಥಿನಿ ಆ ಪುಟವನ್ನು ಓದಿದ್ದಲ್ಲದೆ ಮೊಬೈಲಿನಲ್ಲಿ ಹುಡುಕಿಯೂ ಬಂದಿದ್ದಳು. ಅವಳ ಪ್ರಶ್ನೆ ಹೀಗಿತ್ತು. ರಾಮಚಂದ್ರನ್ ಅವರ 1963ರ ಪ್ರಸಿದ್ಧ ಪ್ರಬಂಧವನ್ನು ಸಾವಿರಾರು ಸಲ ಬೇರೆಯವರು ಉಲ್ಲೇಖಿಸಿದ್ದಾರೆ, ಸರಿ. ಆದರೆ ಪ್ರೋಟೀನಿನ ರಚನೆ ಸರಿಯಿದೆಯೇ ಎಂದು ಪರೀಕ್ಷಿಸುವ ಒಂದು ಕಂಪ್ಯೂಟರ್ ಪ್ರೋಗ್ರಾಮಿನ ಪ್ರಬಂಧಕ್ಕೆ ಅದರ ಹಲವು ಪಟ್ಟು ಉಲ್ಲೇಖಗಳಿವೆ. ಹಾಗಾದರೆ ಪ್ರೋಗ್ರಾಮ್ ಬರೆದವರು ಇವರಿಗಿಂತ ದೊಡ್ಡ ವಿಜ್ಞಾನಿಗಳೇ? ಡಾಕ್ಟರ್ ಆಗುವುದು ಬಿಟ್ಟು ಸಂಶೋಧನೆಗೆ ಹೋಗಬೇಕು ಎಂದುಕೊಂಡಿರುವ ಹುಡುಗಿ ಅವಳು. ಅಲ್ಲಿಯೂ ಕೊನೆಗೆ ನೀಟ್ ರ‍್ಯಾಂಕಿನ ಹಾಗೆ ಒಂದು ಅಂಕಿಯೇ ಎಲ್ಲವನ್ನೂ ತೀರ್ಮಾನಿಸುತ್ತದೆಯೋ ಏನೋ ಎಂಬುದು ಅವಳ ಚಿಂತೆ. ತರಗತಿಯ ಗಂಟೆ ಹೊಡೆದುಬಿಟ್ಟಿತು. ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಉಲ್ಲೇಖ ಅಂದರೆ ಏನೆಂದು ಹೇಳಬೇಕು. ವಿಜ್ಞಾನಿಯೊಬ್ಬರು ಪ್ರಬಂಧ ಪ್ರಕಟಿಸುವಾಗ, ಕೊನೆಯಲ್ಲಿ ತಾವು ಯಾರ ಯಾರ ಕೆಲಸವನ್ನು ಆಧರಿಸಿದ್ದೇವೆ ಎಂದು ಒಂದು ಪಟ್ಟಿ ಕೊಡುತ್ತಾರೆ. ನಮ್ಮ ಕಡೆ ಮದುವೆ ಮನೆಯಲ್ಲಿ ಮುಯ್ಯಿ ಬರೆಯುವ ಪುಸ್ತಕ ಇರುತ್ತದಲ್ಲ, ಹಾಗೆ. ಯಾರಿಂದ ಏನು ಬಂತು ಎಂಬುದರ ಲೆಕ್ಕ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಯೂಜೀನ್ ಗಾರ್ಫೀಲ್ಡ್ ಎಂಬವರು ಜಗತ್ತಿನ ಪ್ರಮುಖ ವಿಜ್ಞಾನ ಪತ್ರಿಕೆಗಳ ಈ ಮುಯ್ಯಿ ಪುಸ್ತಕಗಳನ್ನೆಲ್ಲ ಒಟ್ಟುಗೂಡಿಸಿ 1964ರಿಂದ ಸೈನ್ಸ್ ಸೈಟೇಶನ್ ಇಂಡೆಕ್ಸ್ ಎಂಬ ಸೂಚಿ ಹೊರತಂದರು. ಅಂದಿನಿಂದ ಯಾವ ಪ್ರಬಂಧ ಎಷ್ಟು ಸಲ ಉಲ್ಲೇಖಗೊಂಡಿದೆ ಎಂದು ಎಣಿಸುವುದು ಸುಲಭವಾಯಿತು. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಎಚ್-ಇಂಡೆಕ್ಸ್ ಎಂಬ ಅಳತೆ ಕೊಟ್ಟರು: ಒಬ್ಬರ ಹತ್ತು ಪ್ರಬಂಧಗಳು ತಲಾ ಹತ್ತು ಸಲವಾದರೂ ಉಲ್ಲೇಖಗೊಂಡಿದ್ದು, ಹನ್ನೊಂದು ಪ್ರಬಂಧಗಳು ತಲಾ ಹನ್ನೊಂದು ಸಲ ಮುಟ್ಟಿರದಿದ್ದರೆ ಅವರ ಎಚ್-ಇಂಡೆಕ್ಸ್ ಹತ್ತು. ಕೆಲಸಕ್ಕೆ ಆಯ್ಕೆ ಮಾಡುವಾಗ, ಬಡ್ತಿ ಕೊಡುವಾಗ ಈಗ ಇದನ್ನೆಲ್ಲ ನೋಡುತ್ತಾರೆ.

ರಾಮಚಂದ್ರನ್ ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಕೇರಳದ ಎರ್ನಾಕುಳಂನಲ್ಲಿ. ತಂದೆ ಅಲ್ಲಿನ ಮಹಾರಾಜಾ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರು. ಮಗನಿಗೆ ಗಣಿತ ಮನೆಯಲ್ಲೇ ಸಿಕ್ಕಿತು. ಪದವಿಗೆ ಹೋದದ್ದು ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿಗೆ. ನಮ್ಮ ಶಿರಂಗಾಲದ ಬಳಿ ಕೊಡಗನ್ನು ಬಿಟ್ಟು ಹೊರಡುವ ಕಾವೇರಿ ಕನ್ನಂಬಾಡಿ, ಮೆಟ್ಟೂರು ದಾಟಿಕೊಂಡು ತಿರುಚಿಗೇ ಹೋಗುತ್ತದೆ. ಆ ಊರಿನಲ್ಲಿ ಓದಿ 1942ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ಆನರ್ಸ್‌ನಲ್ಲಿ ಮೊದಲನೆಯವರಾಗಿ ಬಂದರು. ಅದೇ ವರ್ಷ ನದಿಗೆ ಎದುರಾಗಿ ಹೊರಟವರ ಹಾಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ಜನ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವಲ್ಲಿಗೆ, ಬಂದು ಸೇರಿದರು.

ಸೇರಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವಿಭಾಗಕ್ಕೆ. ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದವರು ಸಿ.ವಿ. ರಾಮನ್. ಹುಡುಗನ ಬುದ್ಧಿ ರಾಮನ್ ಅವರ ಕಣ್ಣಿಗೆ ಬಿತ್ತು. ಎಲೆಕ್ಟ್ರಿಕಲ್ ವಿಭಾಗದ ಮುಖ್ಯಸ್ಥರ ಬಳಿ ಹೋಗಿ, ಈ ಹುಡುಗನ ಬುದ್ಧಿ ನಿಮ್ಮ ವಿಭಾಗಕ್ಕೆ ಹೆಚ್ಚಾಯಿತು, ನನ್ನಲ್ಲಿಗೆ ಕರೆದುಕೊಳ್ಳುತ್ತೇನೆ ಎಂಬರ್ಥದಲ್ಲಿ ಮಾತಾಡಿ ಎಳೆದುಕೊಂಡು ಬಂದರಂತೆ. ನಮ್ಮ ಎಲೆಕ್ಟ್ರಾನಿಕ್ಸ್ ಉಪನ್ಯಾಸಕರು ಕ್ಷಮಿಸಬೇಕು, ಕಥೆ ಹೀಗೆಯೇ ಪ್ರಚಾರದಲ್ಲಿದೆ.

ರಾಮನ್ ಕೈಕೆಳಗೆ ಅವರು ಮಾಡಿದ ಆರಂಭದ ಕೆಲಸ ಬೆಳಕಿನ ಬಗ್ಗೆ. ತೆಳು ಮೋಡ ಅಡ್ಡ ಬಂದಾಗ ಚಂದ್ರನ ಸುತ್ತ ಬಣ್ಣದ ಬಳೆ ಕಾಣುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕಡೆಯೂ ನೋಡಿರುತ್ತೀರಿ. ಅದು ಹೇಗೆ ಉಂಟಾಗುತ್ತದೆ ಎಂಬ ಗಣಿತವನ್ನು ಇಪ್ಪತ್ತೊಂದರ ಹುಡುಗ 1943ರಲ್ಲಿ ಬರೆದ. ಪ್ರಕಟಿಸಿದ್ದು ರಾಮನ್ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ. ಭಾರತದಲ್ಲಿ ಆದ ಒಳ್ಳೆಯ ಕೆಲಸ ಭಾರತದ ಪತ್ರಿಕೆಯಲ್ಲೇ ಅಚ್ಚಾಗಬೇಕು ಎಂಬ ಹಟ ಗುರುವಿಗಿತ್ತು, ಶಿಷ್ಯನೂ ಬಹುಕಾಲ ಅದನ್ನು ನಡೆಸಿಕೊಂಡು ಬಂದರು. ಅಣುರಚನೆ ಕಂಡುಹಿಡಿಯುವ ಒಂದು ಮುಖ್ಯ ವಿಧಾನದ ಬಗ್ಗೆ 1956ರಲ್ಲಿ ಬರೆದದ್ದನ್ನೂ ಬೆಂಗಳೂರಿನ ಕರೆಂಟ್ ಸೈನ್ಸ್ ಪತ್ರಿಕೆಗೇ ಕೊಟ್ಟರು. ಹೊರದೇಶದ ಗ್ರಂಥಾಲಯಗಳಲ್ಲಿ ಎಲ್ಲರ ಕೈಗೂ ಸಿಗುವ ಪತ್ರಿಕೆಗಳಲ್ಲ ಇವು. ಉಲ್ಲೇಖದ ಲೆಕ್ಕಕ್ಕೆ ಮೊದಲ ಪೆಟ್ಟು ಬೀಳುವುದು ಇಲ್ಲಿ. ಪ್ರಬಂಧದಲ್ಲಿ ಏನಿದೆ ಎಂಬುದಕ್ಕಿಂತ ಮೊದಲು ಅದು ಎಲ್ಲಿ ಅಚ್ಚಾಯಿತು ಎಂಬುದೇ ಎಷ್ಟು ಜನ ಓದುತ್ತಾರೆ ಎಂಬುದನ್ನು ನಿರ್ಧರಿಸಿಬಿಡುತ್ತದೆ.

1947ರಿಂದ 1949ರವರೆಗೆ ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿದ್ದು ಪಿಎಚ್.ಡಿ. ಮಾಡಿದರು. ಅಲ್ಲಿ ಲೈನಸ್ ಪಾಲಿಂಗ್ ಅವರ ಉಪನ್ಯಾಸ ಕೇಳಿದ್ದು ಪ್ರೋಟೀನುಗಳ ಕಡೆ ಅವರ ಮನಸ್ಸನ್ನು ತಿರುಗಿಸಿತು. ಬೆಂಗಳೂರಿಗೆ ಹಿಂತಿರುಗಿ ಮೂರು ವರ್ಷ ಪಾಠ ಹೇಳಿ, 1952ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ವಯಸ್ಸು ಮೂವತ್ತರ ಆಸುಪಾಸು. ಆ ಹುದ್ದೆಗೆ ಇವರ ಹೆಸರು ಹೇಳಿದವರೂ ರಾಮನ್ ಅವರೇ.

ಅದೇ ವರ್ಷ ಇಂಗ್ಲೆಂಡಿನ ಜೆ.ಡಿ. ಬರ್ನಾಲ್ ಮದರಾಸಿಗೆ ಬಂದಿದ್ದರು. ಕೊಲ್ಯಾಜೆನ್ ಎಂಬ ಪ್ರೋಟೀನಿನ ರಚನೆ ಇನ್ನೂ ಯಾರಿಗೂ ಸರಿಯಾಗಿ ಬಗೆಹರಿದಿಲ್ಲ ಎಂಬ ವಿಷಯ ಅವರ ಮಾತಿನಲ್ಲಿ ಬಂತು. ಕೊಲ್ಯಾಜೆನ್ ನಮ್ಮ ದೇಹದಲ್ಲಿ ಅತಿ ಹೆಚ್ಚಾಗಿರುವ ಪ್ರೋಟೀನು. ಚರ್ಮ, ಮೂಳೆ, ಸ್ನಾಯುರಜ್ಜು ಎಲ್ಲದರಲ್ಲೂ ಇದೆ. ಕಾಲು ಸೂಪನ್ನು ರಾತ್ರಿಯಿಡೀ ಸಣ್ಣ ಉರಿಯಲ್ಲಿ ಬೇಯಿಸಿದರೆ ಕೈಗೆ ಅಂಟುತ್ತದೆ, ಬೆಳಿಗ್ಗೆ ತಣ್ಣಗಾದರೆ ಪಾತ್ರೆಯಲ್ಲಿ ಹೆಪ್ಪುಗಟ್ಟಿ ನಿಲ್ಲುತ್ತದೆ. ಮೂಳೆ ಮತ್ತು ರಜ್ಜಿನ ಕೊಲ್ಯಾಜೆನ್ ಬಿಸಿಗೆ ಬಿಚ್ಚಿಕೊಂಡು ಜೆಲಟಿನ್ ಆದದ್ದರ ಗುರುತು ಅದು. ಬಿಚ್ಚಿಕೊಂಡಿತು ಅಂದರೆ ಮೊದಲು ಯಾವುದೋ ರೀತಿಯಲ್ಲಿ ಹೆಣೆದುಕೊಂಡಿತ್ತು. ಹೇಗೆ ಹೆಣೆದುಕೊಂಡಿತ್ತು ಎಂಬುದೇ ಪ್ರಶ್ನೆ.

ವಿಶ್ವವಿದ್ಯಾನಿಲಯದ ಹತ್ತಿರವೇ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇತ್ತು. ಚರ್ಮ ಅಂದರೆ ಕೊಲ್ಯಾಜೆನ್ನೇ. ಅಲ್ಲಿನ ವಿಜ್ಞಾನಿ ವೈ. ನಾಯುಡಮ್ಮ ಮಾದರಿ ಒದಗಿಸಿ ನೆರವಾದರು. ಒಳ್ಳೆಯ ಎಕ್ಸ್-ರೇ ಚಿತ್ರ ಕೊಟ್ಟದ್ದು ಕಾಂಗರೂ ಬಾಲದ ರಜ್ಜು. ಗೋಪಿನಾಥ ಕರ್ತಾ ಎಂಬ ಜೊತೆಗಾರರೊಂದಿಗೆ ಸೇರಿ ರಾಮಚಂದ್ರನ್ 1954ರಲ್ಲಿ ನೇಚರ್ ಪತ್ರಿಕೆಯಲ್ಲಿ ಉತ್ತರ ಪ್ರಕಟಿಸಿದರು. ಕೊಲ್ಯಾಜೆನ್ ಅಂದರೆ ಮೂರು ಎಳೆಗಳ ಹಗ್ಗ. ಮರುವರ್ಷ ಅದನ್ನು ತಿದ್ದಿ, ಒಂದೊಂದು ಎಳೆಯೂ ತನ್ನಷ್ಟಕ್ಕೆ ತಿರುಚಿಕೊಂಡು, ಮೂರೂ ಸೇರಿ ಮತ್ತೆ ಒಂದರ ಸುತ್ತ ಒಂದು ಸುತ್ತಿಕೊಂಡಿವೆ ಎಂದರು. ಹಗ್ಗ ಹೊಸೆಯುವುದನ್ನು ನೋಡಿದವರಿಗೆ ಇದು ತಕ್ಷಣ ಹೊಳೆಯುತ್ತದೆ. ಕೊಲ್ಯಾಜೆನ್ನಿನಲ್ಲಿ ಪ್ರತಿ ಮೂರನೆಯ ಅಮೈನೊ ಆಮ್ಲ ಗ್ಲೈಸಿನ್ ಏಕೆ ಎಂಬುದಕ್ಕೂ ಇಲ್ಲಿ ಕಾರಣ ಸಿಕ್ಕಿತು: ಹಗ್ಗದ ನಡುವಿನ ಇಕ್ಕಟ್ಟಿನಲ್ಲಿ ಹಿಡಿಸುವಷ್ಟು ಚಿಕ್ಕದು ಅದೊಂದೇ.

ಸ್ವಲ್ಪ ಸಮಯಕ್ಕೆ ಕೇಂಬ್ರಿಜ್‌ನಿಂದ ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ತಮ್ಮ ರಚನೆ ಪ್ರಕಟಿಸಿದರು. ಎರಡು ವರ್ಷ ಹಿಂದೆ ಡಿಎನ್ಎ ರಚನೆ ಬಿಡಿಸಿದ ಅದೇ ಕ್ರಿಕ್. ಸುತ್ತಿಕೊಂಡ ಮೂರೆಳೆ ಸರಿ, ಆದರೆ ರಾಮಚಂದ್ರನ್ ಮಾದರಿಯಲ್ಲಿ ಕೆಲವು ಪರಮಾಣುಗಳು ಇರಬೇಕಾದುದಕ್ಕಿಂತ ಹತ್ತಿರ ಬಂದಿವೆ, ಹೈಡ್ರೊಜನ್ ಬಂಧಗಳು ಎರಡಲ್ಲ, ಒಂದೇ ಇರಲು ಸಾಧ್ಯ ಎಂದು ಅವರ ವಾದ. ಬಹಳ ಕಾಲ ಪಶ್ಚಿಮದ ಪುಸ್ತಕಗಳಲ್ಲಿ ಕೊಲ್ಯಾಜೆನ್ ಎಂದರೆ ರಿಚ್ ಮತ್ತು ಕ್ರಿಕ್ ಹೆಸರೇ ಮುಂದಿರುತ್ತಿತ್ತು. ಇದನ್ನು ಅನ್ಯಾಯ ಎಂದು ಬರೆಯುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಮೊದಲು ಹೇಳಿದವರ ಹೆಸರು ಹಿಂದೆ ಸರಿದದ್ದು ಅನ್ಯಾಯವೇ. ಆದರೆ ಒಂದೇ ಬಂಧ ಎಂಬ ವಿಷಯದಲ್ಲಿ ಕ್ರಿಕ್ ಅವರ ಟೀಕೆ ಸರಿ ಇತ್ತು ಎಂಬುದನ್ನೂ ಬರೆಯಬೇಕು.

ರಾಮಚಂದ್ರನ್ ಮುಂದೆ ಮಾಡಿದ್ದು ನನಗೆ ಬಹಳ ಇಷ್ಟ. ಪರಮಾಣುಗಳು ಎಷ್ಟು ಹತ್ತಿರ ಬಂದರೆ ಹೆಚ್ಚಾಯಿತು? ಯಾರ ಬಳಿಯೂ ಖಚಿತ ಲೆಕ್ಕ ಇರಲಿಲ್ಲ. ಅವರು ಅಲ್ಲಿಯವರೆಗೆ ತಿಳಿದಿದ್ದ ಹರಳುಗಳ ರಚನೆಗಳನ್ನೆಲ್ಲ ಜಾಲಾಡಿ, ಯಾವ ಎರಡು ಪರಮಾಣುಗಳ ನಡುವೆ ಕನಿಷ್ಠ ಎಷ್ಟು ಅಂತರ ಇರುತ್ತದೆ ಎಂದು ಪಟ್ಟಿ ಮಾಡಿದರು. ತನ್ನ ಮೇಲೆ ಬಂದ ಟೀಕೆಯನ್ನೇ ಸಂಶೋಧನೆಯ ವಿಷಯ ಮಾಡಿಕೊಂಡರು. ಜೊತೆಗಿದ್ದವರು ಶಿಷ್ಯರಾದ ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್.

ಪ್ರೋಟೀನು ಅಮೈನೊ ಆಮ್ಲಗಳ ಸರ. ಸರದ ಪ್ರತಿ ಮಣಿಯ ಎರಡು ಕಡೆಗಳಲ್ಲಿ ತಿರುಗುವ ಕೀಲುಗಳಿವೆ. ಒಂದರ ಕೋನಕ್ಕೆ ಫೈ, ಇನ್ನೊಂದಕ್ಕೆ ಸೈ ಎಂದು ಹೆಸರು. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ಫೈ, ಉದ್ದಕ್ಕೆ ಸೈ, ಎರಡೂ ಮೈನಸ್ 180ರಿಂದ ಪ್ಲಸ್ 180 ಡಿಗ್ರಿವರೆಗೆ. ಪ್ರತಿಯೊಂದು ಜೋಡಿ ಕೋನಕ್ಕೂ ಪರಮಾಣುಗಳು ಒಂದಕ್ಕೊಂದು ಬಡಿಯುತ್ತವೆಯೇ ಎಂದು ನೋಡಿದರು. ಬಡಿಯದ ಜಾಗಕ್ಕೆ ಗೆರೆ ಎಳೆದು ಗುರುತು ಹಾಕಿದರು. ಮುಕ್ಕಾಲು ಪಾಲಿಗೂ ಹೆಚ್ಚು ಹಾಳೆ ಖಾಲಿ ಉಳಿಯಿತು. ಕೋಣೆಯ ತುಂಬ ಸಾಮಾನು ಇಟ್ಟಾಗ ಬಾಗಿಲು ಕೆಲವು ಕೋನಗಳಿಗೆ ಮಾತ್ರ ತೆರೆಯುತ್ತದಲ್ಲ, ಹಾಗೆ. ಉಳಿದ ಚಿಕ್ಕ ಜಾಗಗಳಲ್ಲಿ ನೀವು ಓದುವ ಆಲ್ಫಾ ಹೀಲಿಕ್ಸ್ ಒಂದು ಕಡೆ, ಬೀಟಾ ಹಾಳೆ ಇನ್ನೊಂದು ಕಡೆ ಬಂದು ಕೂತವು. ಗ್ಲೈಸಿನ್‌ಗೆ ಮಾತ್ರ ಜಾಗ ಹೆಚ್ಚು, ಅದಕ್ಕೆ ಅಡ್ಡ ಬರುವ ಪಕ್ಕದ ಗುಂಪೇ ಇಲ್ಲ. ಈ ಕೆಲಸ 1963ರಲ್ಲಿ ಜರ್ನಲ್ ಆಫ್ ಮಾಲಿಕ್ಯುಲರ್ ಬಯಾಲಜಿಯಲ್ಲಿ ಅಚ್ಚಾಯಿತು. ಒಟ್ಟು ಐದು ಪುಟ. ಇದೇ ರಾಮಚಂದ್ರನ್ ನಕ್ಷೆ.

ಆಗ ಪೂರ್ತಿ ಬಿಡಿಸಿದ ಪ್ರೋಟೀನುಗಳು ಬೆರಳೆಣಿಕೆಯಷ್ಟೂ ಇರಲಿಲ್ಲ. ಅದಕ್ಕೂ ಮುನ್ನ ಇಂತಿಂಥ ಜಾಗ ಬಿಟ್ಟು ಬೇರೆ ಕಡೆ ಯಾವ ಪ್ರೋಟೀನಿನ ಕೋನಗಳೂ ಸುಮ್ಮನೆ ಬೀಳುವುದಿಲ್ಲ ಎಂದು ಮದರಾಸಿನ ಮೂವರು ಹೇಳಿಬಿಟ್ಟಿದ್ದರು. ನಂತರ ಬಂದ ಸಾವಿರಾರು ರಚನೆಗಳು ಅದಕ್ಕೆ ಸಾಕ್ಷಿಯಾದವು. 1971ರಲ್ಲಿ ಶುರುವಾದ ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ ಈಗ ಎರಡು ಲಕ್ಷಕ್ಕೂ ಮೀರಿ ರಚನೆಗಳಿವೆ. ಸೇರಿದ ಪ್ರತಿ ಪ್ರೋಟೀನ್ ರಚನೆಯ ಪರೀಕ್ಷಾ ವರದಿಯಲ್ಲೂ ನಕ್ಷೆಯ ಹೊರಗೆ ಬಿದ್ದ ಬಿಂದುಗಳು ಶೇಕಡಾ ಎಷ್ಟು ಎಂಬ ಸಾಲು ಇರುತ್ತದೆ. ಹೆಚ್ಚು ಬಿಂದುಗಳು ಹೊರಗಿದ್ದರೆ ರಚನೆಯಲ್ಲಿ ಎಲ್ಲೋ ಎಡವಟ್ಟಾಗಿದೆ ಎಂದು ಅರ್ಥ.

ಈಗ ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ಅವಳು ನೋಡಿದ ಪ್ರೋಗ್ರಾಮ್ ಪ್ರೊಚೆಕ್, 1993ರದ್ದು. ಅದರ ಮುಖ್ಯ ಕೆಲಸಗಳಲ್ಲಿ ಒಂದು, ಕೊಟ್ಟ ಪ್ರೋಟೀನಿಗೆ ರಾಮಚಂದ್ರನ್ ನಕ್ಷೆ ಬಿಡಿಸಿ ತೋರಿಸುವುದು. ಬಳಸಿದವರು ಪ್ರೋಗ್ರಾಮಿನ ಪ್ರಬಂಧವನ್ನು ಉಲ್ಲೇಖಿಸುತ್ತಾರೆ. 1963ರ ಐದು ಪುಟಗಳನ್ನು ಪಟ್ಟಿಯಲ್ಲಿ ಸೇರಿಸುವುದಿಲ್ಲ, ಏಕೆಂದರೆ ರಾಮಚಂದ್ರನ್ ಎಂಬ ಪದವೇ ವಾಕ್ಯದೊಳಗೆ ಬಂದುಬಿಟ್ಟಿದೆ. ಓಮ್ ನಿಯಮ ಬಳಸುವವರು ಯಾರಾದರೂ ಜಾರ್ಜ್ ಓಮ್ 1827ರಲ್ಲಿ ಬರೆದ ಪುಸ್ತಕವನ್ನು ಪಟ್ಟಿಯಲ್ಲಿ ಹಾಕುತ್ತಾರೆಯೇ? ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಇದನ್ನು ಗುರುತಿಸಿ ಹೆಸರೂ ಕೊಟ್ಟಿದ್ದಾರೆ. ಒಂದು ಕೆಲಸ ಎಲ್ಲರ ತಿಳಿವಳಿಕೆಯಲ್ಲಿ ಕರಗಿಹೋದಷ್ಟೂ ಅದರ ಮೂಲ ಪ್ರಬಂಧದ ಉಲ್ಲೇಖ ಕಡಿಮೆಯಾಗುತ್ತದೆ. ಗಾರ್ಫೀಲ್ಡ್ ಕೂಡ ತಮ್ಮ ಎಣಿಕೆಯ ಈ ಮಿತಿಯನ್ನು ಬಲ್ಲವರಾಗಿದ್ದರು.

ಇನ್ನೊಂದು ಉದಾಹರಣೆಯೂ ಅವರ ಬದುಕಿನಲ್ಲೇ ಇದೆ. 1971ರಲ್ಲಿ ಎ.ವಿ. ಲಕ್ಷ್ಮೀನಾರಾಯಣನ್ ಜೊತೆ ಸೇರಿ, ಹಲವು ದಿಕ್ಕುಗಳಿಂದ ತೆಗೆದ ಎಕ್ಸ್-ರೇ ಚಿತ್ರಗಳಿಂದ ಒಳಗಿನ ಪೂರ್ಣ ರೂಪವನ್ನು ಲೆಕ್ಕ ಹಾಕಿ ಕಟ್ಟುವ ಚುರುಕಾದ ಗಣಿತ ವಿಧಾನ ಪ್ರಕಟಿಸಿದರು. ರೇಡಿಯೊ ಖಗೋಳ ವಿಜ್ಞಾನಿಗಳು 1967ರಲ್ಲೇ ಇಂಥದನ್ನು ಬೇರೆ ಕೆಲಸಕ್ಕೆ ಮಾಡಿದ್ದರು, ಅದನ್ನೂ ಹೇಳಬೇಕು. ಸಿಟಿ ಸ್ಕ್ಯಾನ್ ಯಂತ್ರಗಳು ಬಹುಕಾಲ ಈ ಬಗೆಯ ಗಣಿತದ ಮೇಲೆಯೇ ನಡೆದವು. ಮೋಟಾರ್ ಸೈಕಲ್ಲಿನಿಂದ ಬಿದ್ದವರನ್ನು ಮಡಿಕೇರಿಗೋ ಮೈಸೂರಿಗೋ ಕರೆದೊಯ್ದು ತಲೆಯ ಸ್ಕ್ಯಾನ್ ಮಾಡಿಸುತ್ತೇವಲ್ಲ, ಅದೇ. 1979ರಲ್ಲಿ ಸಿಟಿ ಸ್ಕ್ಯಾನಿಗೆ ನೊಬೆಲ್ ಬಂದದ್ದು ಕಾರ್ಮ್ಯಾಕ್ ಮತ್ತು ಹೌನ್ಸ್‌ಫೀಲ್ಡ್ ಅವರಿಗೆ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬಳಸುವ ಮ್ಯಾಟ್‌ಲ್ಯಾಬ್ ತಂತ್ರಾಂಶದಲ್ಲಿ ಈ ವಿಧಾನದ ಶೋಧಕಕ್ಕೆ ಇಂದಿಗೂ ರಾಮ್-ಲ್ಯಾಕ್ ಎಂದು ಹೆಸರು. ಆ ಆಯ್ಕೆಯನ್ನು ಒತ್ತುವ ಎಷ್ಟು ಮಂದಿಗೆ ಅದು ಇಬ್ಬರು ಮನುಷ್ಯರ ತುಂಡಾದ ಹೆಸರು ಎಂದು ಗೊತ್ತಿರುತ್ತದೆ?

ಹಾಗೆಂದು ಎಣಿಕೆಯನ್ನು ಬೈದು ಮುಗಿಸುವವನು ನಾನಲ್ಲ. ನಕ್ಷೆಯ ಹೆಸರನ್ನೇ ನೋಡಿ. ಪ್ರಬಂಧದಲ್ಲಿ ಮೂರು ಹೆಸರುಗಳಿವೆ, ನಕ್ಷೆಯಲ್ಲಿ ಉಳಿದದ್ದು ಒಂದು. ರಾಮಕೃಷ್ಣನ್, ಶಶಿಶೇಖರನ್ ಹೆಸರು ನಮ್ಮ ಪಠ್ಯದ ಆ ಪುಟ ಓದಿದವರಿಗೂ ತಿಳಿಯುವುದಿಲ್ಲ. ಒಬ್ಬರು 1963ರ ಪ್ರಬಂಧವನ್ನು ಸರಿಯಾಗಿ ಉಲ್ಲೇಖಿಸಿದರೆ ಮಾತ್ರ ಮೂವರ ಖಾತೆಗೂ ಸಮನಾಗಿ ಜಮೆಯಾಗುತ್ತದೆ. ಗುರುವಿನ ವಿಷಯದಲ್ಲಿ ಕಡಿಮೆ ತೂಗುವ ತಕ್ಕಡಿ ಶಿಷ್ಯರ ವಿಷಯದಲ್ಲಿ ಹೆಸರಿಗಿಂತ ನ್ಯಾಯವಾಗಿ ತೂಗುತ್ತದೆ. ಜೀವನಪೂರ್ತಿ ಕೆಲಸ ಮಾಡಿದ ಆ ಇಬ್ಬರಿಗೆ ಪಟ್ಟಿಯಲ್ಲಿ ಬರುವ ಒಂದು ಸಾಲು ಸಣ್ಣ ವಿಷಯವಲ್ಲ.

1970ರ ಹೊತ್ತಿಗೆ ರಾಮಚಂದ್ರನ್ ಮದರಾಸು ಬಿಟ್ಟರು. ಸತೀಶ್ ಧವನ್ ನಿರ್ದೇಶಕರಾಗಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಕಟ್ಟಿದರು. ಶಶಿಶೇಖರನ್, ರಾಮಕೃಷ್ಣನ್ ಇಬ್ಬರೂ ಅಲ್ಲಿಗೇ ಬಂದರು. ಆ ವಿಭಾಗ ಈಗಲೂ ಇದೆ, ಪ್ರೋಟೀನುಗಳ ಮೇಲೆ ದೇಶದಲ್ಲೇ ಹೆಸರಾದ ಕೆಲಸ ಅಲ್ಲಿ ನಡೆಯುತ್ತದೆ. ಪ್ರವೇಶ ಪಡೆಯಲು ಬೇಕಾದದ್ದು ಒಳ್ಳೆಯ ಪದವಿ ಮತ್ತು ಪ್ರವೇಶ ಪರೀಕ್ಷೆ, ನಮ್ಮ ಶಿರಂಗಾಲದಿಂದ ಹೋಗಲಾಗದಷ್ಟು ದೂರವೇನಲ್ಲ. 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಫೆಲೋ ಆಗಿ ಆರಿಸಿತು, ನಕ್ಷೆ ಬಂದು ಹದಿನಾಲ್ಕು ವರ್ಷಕ್ಕೆ.

ಕೊನೆಯ ವರ್ಷಗಳಲ್ಲಿ ಅವರ ಮನಸ್ಸು ಪ್ರೋಟೀನಿನಿಂದ ತರ್ಕಶಾಸ್ತ್ರಕ್ಕೆ ಹೊರಳಿತು. ಜೈನರ ಸ್ಯಾದ್ವಾದವನ್ನು ಗಣಿತದ ಮ್ಯಾಟ್ರಿಕ್ಸ್‌ಗಳಲ್ಲಿ ಬರೆಯಲು ನೋಡಿದರು. ಆ ಬರಹಗಳನ್ನು ಉಲ್ಲೇಖಿಸಿದವರು ಕಡಿಮೆ. ಲೆಕ್ಕ ಇಟ್ಟುಕೊಂಡು ಕೆಲಸ ಮಾಡುವವರು ಆ ವಯಸ್ಸಿನಲ್ಲಿ ಹಳೆಯ ವಿಷಯದಲ್ಲೇ ಇನ್ನಷ್ಟು ಬರೆಯುತ್ತಿದ್ದರು. ಅವರಿಗೆ ಪಾರ್ಕಿನ್ಸನ್ ಕಾಯಿಲೆ ಅಂಟಿಕೊಂಡಿತ್ತು. 1998ರಲ್ಲಿ ಪತ್ನಿ ರಾಜಲಕ್ಷ್ಮಿ ತೀರಿಕೊಂಡರು. 1999ರಲ್ಲಿ ಹರಳುವಿಜ್ಞಾನದ ಅಂತರರಾಷ್ಟ್ರೀಯ ಒಕ್ಕೂಟ ಇವಾಲ್ಡ್ ಪ್ರಶಸ್ತಿ ಕೊಟ್ಟಿತು. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ, ಎಪ್ಪತ್ತೆಂಟನೇ ವಯಸ್ಸಿನಲ್ಲಿ ತೀರಿಕೊಂಡರು.

ಪ್ರಶ್ನೆ ಕೇಳಿದವಳಿಗೂ ಇತರರಿಗೂ ಒಂದು ಸೂಚನೆ. ಪ್ರೋಟೀನ್ ಡೇಟಾ ಬ್ಯಾಂಕ್ ಎಲ್ಲರಿಗೂ ಉಚಿತ. ಗುರುವಾರ ಪ್ರಾಕ್ಟಿಕಲ್ ಮುಗಿದ ಮೇಲೆ ಲ್ಯಾಬಿನ ಕಂಪ್ಯೂಟರಿನಲ್ಲಿ ಹಿಮೋಗ್ಲೋಬಿನ್ ರಚನೆ ತೆರೆದು ಅದರ ನಕ್ಷೆ ನೋಡೋಣ. ಆಲ್ಫಾ ಹೀಲಿಕ್ಸ್‌ಗಳೇ ತುಂಬಿರುವ ಪ್ರೋಟೀನು ಅದು, ಬಿಂದುಗಳು ಎಲ್ಲಿ ಗುಂಪುಗೂಡುತ್ತವೆ ಎಂದು ಮೊದಲೇ ಊಹಿಸಿಕೊಂಡು ಬನ್ನಿ. ಗ್ರಾಫ್ ಹಾಳೆ, ಪೆನ್ಸಿಲ್ ತನ್ನಿ.